ಓದುಗರ ಪ್ರಶ್ನೆ: ಬೀದಿಬದಿಯ ಫೋನು ಕಾರ್ಡಿನಿಂದ ಹಣ ಕಳೆಯುತ್ತಿದ್ದುದು ಹೇಗೆ?

ಪ್ರಶ್ನೆ: ಹಿಂದೆ ಪ್ಯಾರಿಸ್‌ನಲ್ಲಿದ್ದ ನಮ್ಮ ಚಿಕ್ಕಪ್ಪ ತಂದಿದ್ದ ಟೆಲಿಕಾರ್ತ್ ಎಂಬ ಫೋನ್ ಕಾರ್ಡು ಮನೆಯಲ್ಲಿದೆ. ಅದರ ಮೇಲೆ 50 ಯೂನಿಟ್ ಎಂದಿದೆ. ಬ್ಯಾಂಕನ್ನು ಕೇಳದೆ ಸಾರ್ವಜನಿಕ ಫೋನು ಇದರಿಂದ ಹಣ ಕಳೆಯುತ್ತಿದ್ದುದು ಹೇಗೆ? ಖಾಲಿಯಾದ ಕಾರ್ಡನ್ನು ಮತ್ತೆ ತುಂಬಿಸಬಹುದಿತ್ತೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಹಣವನ್ನು ಮೊದಲೇ ಕೊಟ್ಟು ಕಾರ್ಡು ಕೊಳ್ಳುತ್ತಿದ್ದುದರಿಂದ ಬ್ಯಾಂಕನ್ನು ಕೇಳುವ ಅಗತ್ಯವೇ ಇರಲಿಲ್ಲ, ಲೆಕ್ಕವೆಲ್ಲ ಕಾರ್ಡಿನ ಚಿಪ್‌ನಲ್ಲಿಯೇ ಇತ್ತು. ಫ್ರಾನ್ಸಿನ ರೋಲಾಂ ಮೊರೆನೊ 1974ರಲ್ಲಿ ಪೇಟೆಂಟ್ ಕೋರಿದ ಚಿಂತನೆಯಿಂದ ಬೆಳೆದ ಈ ಕಾರ್ಡುಗಳ ಮೊದಲ ಪೀಳಿಗೆಯಲ್ಲಿ ಕೇವಲ 256 ಬಿಟ್‌ಗಳ, ಎಂದರೆ 0 ಅಥವಾ 1 ಎಂದು ಬರೆಯಬಲ್ಲ 256 ಪುಟ್ಟ ಸ್ಥಾನಗಳ, ಸ್ಮೃತಿಯಿತ್ತು. ಮೊದಲ 96 ಬಿಟ್‌ಗಳಲ್ಲಿ ಕಾರ್ಡಿನ ಗುರುತನ್ನು ಬರೆದು, ಅಲ್ಲಿ ಮತ್ತೆ ಬರೆಯಲಾಗದಂತೆ ಕಾರ್ಖಾನೆಯಲ್ಲಿಯೇ ಒಂದು ಫ್ಯೂಸ್ ಸುಟ್ಟುಬಿಡುತ್ತಿದ್ದರು. ಉಳಿದ ಭಾಗದಲ್ಲಿ ಒಂದು ಬಿಟ್ ಎಂದರೆ ಒಂದು ಯೂನಿಟ್.

ಕರೆ ಸಾಗುತ್ತಿದ್ದಾಗ ದೂರವಾಣಿ ವಿನಿಮಯ ಕೇಂದ್ರವು, ಮಾತನಾಡುವವರ ಕಿವಿಗೆ ತೊಂದರೆಯಾಗದಂತೆ, ಅದೇ ತಂತಿಯಲ್ಲಿ 12 ಕಿಲೋಹರ್ಟ್ಸ್‌ನ ಪಲ್ಸ್ (ಕ್ಷಣಿಕ ವಿದ್ಯುತ್ ಸಂಕೇತ) ಕಳುಹಿಸುತ್ತಿತ್ತು. ಪ್ರತಿ ಪಲ್ಸ್‌ಗೂ ಫೋನು ಕಾರ್ಡಿನ ಒಂದು ಬಿಟ್ಟನ್ನು 0ಯಿಂದ 1ಕ್ಕೆ ಬದಲಿಸಿ, ಉಳಿದ ಯೂನಿಟ್‌ಗಳನ್ನು ಪರದೆಯಲ್ಲಿ ತೋರಿಸುತ್ತಿತ್ತು. ದೂರದ ಕರೆಗೆ ಪಲ್ಸ್‌ಗಳು ಬೇಗ ಬೇಗ ಬರುತ್ತಿದ್ದವು. ಧಾರವಾಡಕ್ಕೆ ಮಾತನಾಡುವಾಗ ನಿಮ್ಮ ಚಿಕ್ಕಪ್ಪನವರ ಯೂನಿಟ್‌ಗಳು ಕರಗಿಹೋಗುತ್ತಿದ್ದುದು ಇದರಿಂದಲೇ. ನಮ್ಮ ಎಸ್‌ಟಿಡಿ ಬೂತ್‌ಗಳ ಮೀಟರಿನ ಲೆಕ್ಕವೂ ಪಲ್ಸ್‌ನದೇ ಆಗಿತ್ತು, ಆದರೆ ಅಲ್ಲಿ ಹಣ ಪಡೆಯಲು ಒಬ್ಬರು ಕುಳಿತಿರುತ್ತಿದ್ದರು.

ಪಂಚ್ ಮಾಡಿದ ಬಸ್ ಟಿಕೆಟ್ಟಿನಂತೆ, 1 ಆದ ಬಿಟ್ಟನ್ನು ಫೋನು ಮತ್ತೆ 0 ಮಾಡಲಾಗದು. ನೇರಳಾತೀತ ಬೆಳಕು ಅದನ್ನು ಅಳಿಸಬಲ್ಲದಾದರೂ, ಆಗ ಗುರುತಿನ ಭಾಗವೂ ಅಳಿಸಿಹೋಗಿ, ಫ್ಯೂಸ್ ಸುಟ್ಟಿರುವುದರಿಂದ ಅದನ್ನು ಪುನಃ ಬರೆಯಲಾಗದೆ, ಕಾರ್ಡು ಕೆಲಸಕ್ಕೆ ಬಾರದಂತಾಗುತ್ತದೆ. ಇಷ್ಟು ಸರಳವಾದ ಚಿಪ್‌ನಲ್ಲಿ ಇಷ್ಟು ಗಟ್ಟಿಯಾದ ಕಾವಲು ಇಟ್ಟಿದ್ದು ನಿಜಕ್ಕೂ ಮೆಚ್ಚತಕ್ಕ ಕೆಲಸ. ಜಪಾನಿನಲ್ಲಿ 1982ರಿಂದ ಬಂದ ಕಾಂತೀಯ ಕಾರ್ಡುಗಳನ್ನು ತಿದ್ದಿ ಬರೆಯಲು ಸಾಧ್ಯವಿದ್ದುದರಿಂದ ಅಲ್ಲಿ ನಕಲಿ ಕಾರ್ಡುಗಳ ಹಾವಳಿ ಬಹಳವಾಯಿತು.

ಅಮೆರಿಕದ ಕಾಲಿಂಗ್ ಕಾರ್ಡಿನ ಬಗೆಯೇ ಬೇರೆ. ಅದರಲ್ಲಿ ಹಣವಿರಲಿಲ್ಲ, ಸಂಖ್ಯೆ ಮಾತ್ರ ಇತ್ತು. ಕರೆಯಬೇಕಾದ ಸಂಖ್ಯೆಯ ಮುಂದೆ 0 ಸೇರಿಸಿ ಡಯಲ್ ಮಾಡಿದ ಮೇಲೆ ಗಂಟೆಯಂಥ ಸ್ವರ ಕೇಳಿಸಿದಾಗ, ಮನೆಯ 10 ಅಂಕಿಯ ಫೋನ್ ಸಂಖ್ಯೆಯನ್ನೂ 4 ಅಂಕಿಯ ಗುಪ್ತ ಸಂಖ್ಯೆಯನ್ನೂ ಒತ್ತಬೇಕಿತ್ತು. ಕಂಪನಿಯ ದತ್ತಾಂಶ ಕೇಂದ್ರವು ಅವನ್ನು ಒಪ್ಪಿದರೆ ಕರೆ ಹೋಗುತ್ತಿತ್ತು, ಶುಲ್ಕ ಮನೆಯ ಬಿಲ್ಲಿಗೆ ಸೇರುತ್ತಿತ್ತು. ಹೀಗಾಗಿ ಅಲ್ಲಿ ಕಳ್ಳರಿಗೆ ಕಾರ್ಡೇ ಬೇಕಿರಲಿಲ್ಲ. ವಿಮಾನ ನಿಲ್ದಾಣಗಳಲ್ಲಿ ಜನರ ಹಿಂದೆ ನಿಂತು, ಅವರು ಒತ್ತುವ ಅಂಕಿಗಳನ್ನು ನೋಡಿಕೊಂಡರೆ ಸಾಕಿತ್ತು.