ಕಂದೀಲು ಉರಿದರೂ ಮುಖ ಕಪ್ಪು ಯಾಕೆ?

ಪ್ರಶ್ನೆ: ಸರ್, ಗದಗ ಹತ್ತಿರದ ಹಳ್ಳಿಯೊಂದರ ಹಳೇ ಮಾಳಿಗೆ ಮನೆಯಲ್ಲಿ ಕಿರುಚಿತ್ರ ಮಾಡುತ್ತಿದ್ದೇವೆ. ರಾತ್ರಿ ಅಜ್ಜಿಯೊಬ್ಬಳು ಕಂದೀಲು ಹಿಡಿದು ಪಡಸಾಲೆಯಿಂದ ದನದ ಕೊಟ್ಟಿಗೆಗೆ ಹೋಗುವ ಶಾಟ್ ಇದೆ. ನಿಜವಾದ ಕಂದೀಲು ಹಚ್ಚಿದರೆ ಗಾಜು ಪೂರ್ತಿ ಬೆಳ್ಳಗಾಗಿ ಮುಖ ಕಪ್ಪಾಗುತ್ತದೆ. ಒಳಗೆ ಎಲ್‌ಇಡಿ ಸ್ಟ್ರಿಪ್ ಸುತ್ತಿ ಡಿಮ್ಮರ್ ಹಾಕಿದರೆ ಪರದೆ ಮೇಲೆ ಪಟ್ಟೆ ಓಡುತ್ತವೆ. ಏನು ಮಾಡೋದು?

ಉತ್ತರ: ನೋಡ್ರಿ, ಒಂದೇ ಬೆಳಕಿಗೆ ನೀವು ಎರಡು ಕೆಲಸ ಹೇಳುತ್ತಿದ್ದೀರಿ. ಕ್ಯಾಮೆರಾಕ್ಕೆ ಚೆಂದ ಕಾಣಬೇಕು, ಅಜ್ಜಿಯ ಮುಖವನ್ನೂ ಬೆಳಗಬೇಕು. ಮುಖಕ್ಕೆ ಸಾಲುವಷ್ಟು ಬೆಳಕು ಕೊಟ್ಟರೆ ಗಾಜು ಸುಟ್ಟಂತೆ ಕಾಣುತ್ತದೆ, ಗಾಜು ಸರಿಯಾಗಿ ಕಂಡರೆ ಮುಖಕ್ಕೆ ಏನೂ ಉಳಿಯಲ್ಲ. ಅದಕ್ಕೇ ಕಂದೀಲಿನೊಳಗೆ ಎರಡು ಬೇರೆ ಬೇರೆ ದೀಪ ಮಾಡಿ.

12 ವೋಲ್ಟ್ ಸ್ಟ್ರಿಪ್ಪನ್ನು ಸಾಮಾನ್ಯವಾಗಿ ಮೂರು ಎಲ್‌ಇಡಿಗೆ ಒಂದರಂತೆ ಕತ್ತರಿಸಬಹುದು. ಅಂಥ ಒಂದೇ ತುಂಡನ್ನು ಬತ್ತಿ ಇರುವ ಜಾಗದಲ್ಲಿ ನಿಲ್ಲಿಸಿ, ಸುತ್ತ ಬಟರ್ ಪೇಪರ್ ಎರಡು ಪದರ ಸುತ್ತಿ. ಕ್ಯಾಮೆರಾ ನೋಡುವುದು ಇದನ್ನು, ಇದು ಮಂದವಾಗಿರಲಿ. ಇನ್ನು ಮೂರ್ನಾಲ್ಕು ತುಂಡುಗಳನ್ನು ಅಜ್ಜಿಯ ಕಡೆಗೆ ಮುಖ ಮಾಡಿ ಹಿಂಬದಿಗೆ ಅಂಟಿಸಿ, ಅವುಗಳ ಬೆನ್ನಿಗೆ ಕಪ್ಪು ಕಾಗದ ಕೊಡಿ. ಮುಖ ಬೆಳಗುವುದು ಇವು, ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ. ಅಂಟಿಸುವಾಗ ಉದ್ದಕ್ಕೆ ಹರಡಬೇಡಿ, ಒತ್ತೊತ್ತಾಗಿ ಒಂದೇ ಕಡೆ ಇರಲಿ. ನಿಜವಾದ ಜ್ವಾಲೆ ಚಿಕ್ಕದು. ಅದಕ್ಕೇ ಕಂದೀಲಿನ ಎರಡು ಪಕ್ಕದ ಕೊಳವೆಗಳ ನೆರಳು ಗೋಡೆ ಮೇಲೆ ಎರಡು ದಪ್ಪ ಗೆರೆಯಾಗಿ ಬಿದ್ದು, ಕೈ ಅಲ್ಲಾಡಿದಂತೆ ಕೋಣೆ ತುಂಬ ಓಡಾಡುತ್ತದೆ. ಸ್ಟ್ರಿಪ್ಪನ್ನು ಒಳಗೆಲ್ಲ ಸುತ್ತಿದರೆ ಆ ಗೆರೆ ಕರಗಿಹೋಗಿ ಪೂರ್ತಿ ಟ್ಯೂಬ್‌ಲೈಟ್ ಆಗಿಬಿಡುತ್ತದೆ. ಮತ್ತೆ ಟ್ಯಾಂಕಿನ ತಳಕ್ಕೆ ಮಾತ್ರ ಎಲ್‌ಇಡಿ ಹಚ್ಚಬೇಡಿ. ದೀಪದ ಬುಡ ಕತ್ತಲೇ ಇರಬೇಕು, ಕಾಲ ಹತ್ತಿರ ನೆಲ ಬೆಳಗಿದರೆ ಹಳ್ಳಿಯವರು ಯಾರಾದರೂ ತಕ್ಷಣ ಹಿಡಿದುಬಿಡುತ್ತಾರೆ.

ಪಟ್ಟೆಗಳಿಗೆ ಕಾರಣ ಆ ಅಗ್ಗದ ಡಿಮ್ಮರ್. ಅದು ಬೆಳಕನ್ನು ಕಮ್ಮಿ ಮಾಡಲ್ಲ, ಸೆಕೆಂಡಿಗೆ ನೂರಾರು ಸಲ ಆರಿಸಿ ಹಚ್ಚುತ್ತದೆ, ಅಷ್ಟೇ. ಕಣ್ಣಿಗೆ ಗೊತ್ತಾಗಲ್ಲ, ಸೆನ್ಸರ್ ಸಾಲುಸಾಲಾಗಿ ಓದುವ ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಅದನ್ನು ತೆಗೆದು ಚಿಕ್ಕ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಪುಟ್ಟ ಸರ್ಕ್ಯೂಟ್) ಹಾಕಿ, ವೋಲ್ಟೇಜನ್ನೇ 9ರ ಹತ್ತಿರ ಇಳಿಸಿದರೆ ಸಾಕಷ್ಟು ಮಂದವಾಗುತ್ತದೆ. ಎರಡು ದೀಪಕ್ಕೂ ಒಂದೊಂದು ಹಾಕಿದರೆ ಬೇರೆ ಬೇರೆ ತಿದ್ದಬಹುದು. ಮೂರು 18650 ಸೆಲ್ (ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ) ಸರಣಿಯಲ್ಲಿ ಕೂಡಿಸಿದರೆ 11.1 ವೋಲ್ಟ್ ಸಿಗುತ್ತದೆ, ಶಾರ್ಟ್ ಆಗದಂತೆ, ಅತಿಯಾಗಿ ಚಾರ್ಜ್ ಆಗದಂತೆ ಕಾಯುವ ಪ್ರೊಟೆಕ್ಷನ್ ಬೋರ್ಡ್ ಇಲ್ಲದೆ ಮಾತ್ರ ಬಳಸಬೇಡಿ. ಇವೆಲ್ಲ ಹುಬ್ಬಳ್ಳಿಯ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ. ಬ್ಯಾಟರಿ ಟ್ಯಾಂಕಿನೊಳಗೇ ಕೂರಲಿ. ಆದರೆ ಚಿಮಣಿ ಎಣ್ಣೆ ತುಂಬಿದ್ದ ಹಳೇ ಟ್ಯಾಂಕನ್ನು ಹಾಗೇ ಕೊರೆಯೋದು, ಬೆಸುಗೆ ಹಾಕೋದು ಬೇಡವೇ ಬೇಡ. ಒಳಗಿನ ಆವಿಗೆ ಬೆಂಕಿ ಹೊತ್ತಬಹುದು. ಹೊಸ ಖಾಲಿ ಕಂದೀಲು ಕೊಳ್ಳೋದೇ ಒಳ್ಳೇದು.

ಬಣ್ಣದ ವಿಷಯ: ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಮ್ಮಿಯಾದಷ್ಟೂ ಬೆಳಕು ಕೆಂಪಗೆ. ಸೀಮೆಎಣ್ಣೆ ಜ್ವಾಲೆ ಸುಮಾರು 1900 ಕೆಲ್ವಿನ್, ಅಂಗಡಿಯ ವಾರ್ಮ್ ವೈಟ್ ಎಲ್‌ಇಡಿ 2700ರಿಂದ 3000. ದೀಪದ ಮುಂದೆ ಹಿಡಿಯುವ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆ, ಸಿಟಿಒ ಜೆಲ್, ಅರ್ಧ ಪ್ರಮಾಣದ್ದು (ಹಾಫ್ ಸಿಟಿಒ) ಹಚ್ಚಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನು ಬಿಳಿ ಅಂತ ತೋರಿಸಬೇಕು ಅನ್ನುವ ಸೆಟ್ಟಿಂಗ್) 3200ಕ್ಕೆ ಲಾಕ್ ಮಾಡಿ. ಆಟೋದಲ್ಲಿ ಬಿಟ್ಟರೆ ನೀವು ಹಚ್ಚಿದ ಬಣ್ಣವನ್ನೆಲ್ಲ ಅದೇ ತೊಳೆದುಹಾಕುತ್ತದೆ.

ಇಷ್ಟೆಲ್ಲ ಮಾಡಿದರೂ ಕಂದೀಲು ಕೋಣೆ ಬೆಳಗಲ್ಲ. ಮುಖ ಒಂದೂವರೆ ಅಡಿ ದೂರ, ಗೋಡೆ ಆರು ಅಡಿ ಅಂದರೆ ಗೋಡೆಗೆ ಸಿಗೋದು ಹದಿನಾರನೇ ಒಂದು ಪಾಲು. ಮಣ್ಣಿನ ಗೋಡೆ ಅದರಲ್ಲೂ ಜಾಸ್ತಿ ಭಾಗ ನುಂಗುತ್ತದೆ. ಒಬ್ಬ ಹುಡುಗ ಕೋಲಿಗೆ ಕಾಗದದ ಗುಂಡು ಬುಟ್ಟಿ ಕಟ್ಟಿ, ಅದರೊಳಗೆ ಅದೇ ಬಣ್ಣದ ಬಲ್ಬಿಟ್ಟು, ಫ್ರೇಮಿನ ಹೊರಗೆ ಕಂದೀಲಿನ ಕಡೆಯಿಂದಲೇ ಅಜ್ಜಿಯ ಜೊತೆ ನಡೆಯಲಿ.

ಪ್ರಶ್ನೆ: ಕಂದೀಲು ಮಿಣುಕುವ ಸರ್ಕ್ಯೂಟ್ ಸಿಗುತ್ತದಂತೆ, ಹಾಕಬೇಕಾ? (ಹಾವೇರಿಯ ಓದುಗರು)

ಉತ್ತರ: ಬೇಡ. ಗಾಳಿಗೆ ಆಡಬಾರದು ಅಂತಲೇ ಅದಕ್ಕೆ ಗಾಜು ಇರೋದು, ಅಲ್ವಾ? ಬತ್ತಿ ಸರಿಯಿದ್ದರೆ ಕಂದೀಲು ನೆಟ್ಟಗೆ ಉರಿಯುತ್ತದೆ. ಮಿಣುಕೋದು ಹಣತೆ, ಗಾಜಿಲ್ಲದ ಚಿಮಣಿ ಬುಡ್ಡಿ. ಅವಕ್ಕೆ ಬೇಕಾದರೆ ಹಾಕಿ, ಅದೂ ಸ್ವಲ್ಪವೇ.