ದೊಡ್ಡಮ್ಮ ಬಸ್ ಹತ್ತುತ್ತಿಲ್ಲ!

ಪ್ರಶ್ನೆ: ನನ್ನ ಮೊದಲ ಕಾದಂಬರಿಯಲ್ಲಿ ಒಬ್ಬ ದೊಡ್ಡಮ್ಮ ಇದ್ದಾಳೆ. ಕೊಳೆರೋಗಕ್ಕೆ ಅಡಿಕೆಯೆಲ್ಲ ಉದುರಿದ ಮೇಲೆ ತೋಟ ಮಾರಿ ಬೆಂಗಳೂರಿಗೆ, ಮಗನ ಮನೆಗೆ ಹೋಗಬೇಕು. ಆದರೆ ಬರೆಯಲು ಕೂತರೆ ಹೋಗಲ್ಲ ಅಂತಾಳೆ. ಪಾತ್ರೆ ತೊಳೆಯುವಾಗಲೂ ಅವಳ ದನಿ ಕೇಳುತ್ತದೆ. ನನಗೇನಾದರೂ ತಲೆ ಕೆಟ್ಟಿದೆಯಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಇಲ್ಲ ಮಾರಾಯ್ರೇ. ನಿಮ್ಮಂಥವರು ಬೇಕಾದಷ್ಟು ಜನ ಇದ್ದಾರೆ. ಎಡಿನ್‌ಬರ್ಗ್ ಪುಸ್ತಕೋತ್ಸವಕ್ಕೆ ಬಂದಿದ್ದ 181 ಲೇಖಕರನ್ನು ಡರ್ಹಮ್ ವಿಶ್ವವಿದ್ಯಾಲಯದವರು ವಿಚಾರಿಸಿದ್ದರು, 2020ರಲ್ಲಿ ಅದು ಪ್ರಕಟವಾಯಿತು. ಪಾತ್ರಗಳ ದನಿ ಕೇಳುತ್ತದೆ ಅಂದವರು ಶೇ. 63, ಪಾತ್ರಗಳು ತಮ್ಮ ಪಾಡಿಗೆ ತಾವು ನಡೆದುಕೊಳ್ಳುತ್ತವೆ ಅಂದವರು ಶೇ. 61.

ಇದು ಹೇಗೆ ಆಗುತ್ತದೆ ಅಂತ ತಿಳಿಯಬೇಕಾದರೆ ಮಳೆಗಾಲದಲ್ಲಿ ಒಂದು ತಾಳಮದ್ದಳೆಗೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋಗಿ ಕೂತುಕೊಳ್ಳಿ. ಕೌರವನ ಅರ್ಥ ಹೇಳುವವರು ಮಾತು ಬಾಯಿಪಾಠ ಮಾಡಿ ಬಂದಿರುವುದಿಲ್ಲ, ಎದುರಿನ ಕೃಷ್ಣ ಏನು ಕೇಳುತ್ತಾನೆ ಅಂತಲೂ ಗೊತ್ತಿರುವುದಿಲ್ಲ, ಆದರೂ ಉತ್ತರ ತಡವರಿಸದೆ ಬರುತ್ತದೆ, ಯಾಕಂದ್ರೆ ಆ ಕೌರವನ ಜೊತೆ ಅವರು ವರ್ಷಗಟ್ಟಲೆ ಬದುಕಿದ್ದಾರೆ. ನಿಮ್ಮ ದೊಡ್ಡಮ್ಮನದೂ ಅದೇ. ಅವಳ ಬಗ್ಗೆ ಎಷ್ಟು ಯೋಚಿಸಿದ್ದೀರಿ ಅಂದರೆ ಈಗ ಯೋಚನೆ ತಾನಾಗಿ ನಡೆಯುತ್ತದೆ, ಅದರ ಫಲ ಮಾತ್ರ ನಿಮ್ಮ ಕಿವಿಗೆ ಬೀಳುತ್ತದೆ. ಮನಶ್ಶಾಸ್ತ್ರಜ್ಞೆ ಮಾರ್ಜರಿ ಟೇಲರ್ 2003ರಲ್ಲಿ ಹೆಚ್ಚುಕಡಿಮೆ ಈ ಕಾರಣವನ್ನೇ ಮುಂದಿಟ್ಟಿದ್ದರು.

ಹಾಗಂತ ಅವಳು ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ಕೌರವ ವಾದದಲ್ಲಿ ಗೆದ್ದರೂ ಸಂಧಾನ ಮುರಿಯಲೇಬೇಕು, ಹಾಡುತ್ತ ಕಥೆ ನಡೆಸುವ ಭಾಗವತರು ಮುಂದಿನ ಪದ ಎತ್ತಿಬಿಡುತ್ತಾರೆ. ನಿಮ್ಮ ಕಥೆಗೆ ಭಾಗವತರು ನೀವೇ. ಒಂದು ಅನುಮಾನ ಕೇಳಲಾ? ಹೋಗಲ್ಲ ಅನ್ನುತ್ತಿರುವುದು ಅವಳಾ, ಅಥವಾ ತೋಟ ಮಾರುವ ದೃಶ್ಯ ಬರೆಯಲು ಸಂಕಟವಾಗಿ ನೀವು ಅವಳ ಬಾಯಲ್ಲಿ ಹೇಳಿಸುತ್ತಿದ್ದೀರಾ? ಹೊಸ ಬರಹಗಾರರಲ್ಲಿ ಎರಡನೆಯದೇ ಜಾಸ್ತಿ ಅಂತ ನನಗನ್ನಿಸುತ್ತದೆ. ಪರೀಕ್ಷೆ ಸುಲಭ. ಅವಳನ್ನು ಊರಲ್ಲೇ ಉಳಿಸಿ, ಮುಂದಿನ ಮಳೆಗಾಲ ಬರೆಯಿರಿ. ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯಲು ಮರ ಹತ್ತುವವರು ಯಾರು, ಸೊಸೈಟಿ ಸಾಲ ಕಟ್ಟುವವರು ಯಾರು, ಮಗ ಫೋನ್ ಮಾಡುವುದು ನಿಲ್ಲಿಸಿದರೆ ಏನು ಮಾಡುತ್ತಾಳೆ? ಇದಕ್ಕೆಲ್ಲ ಅವಳ ಹತ್ತಿರ ಉತ್ತರ ಇದ್ದರೆ ನಿಮ್ಮ ಪ್ಲಾನ್ ಬಿಟ್ಟುಬಿಡಿ. ಸುಮ್ನೆ ಕೂತರೆ, ಕೈಹಿಡಿದು ಬಸ್ ಹತ್ತಿಸಿ.

ಪ್ರಶ್ನೆ: ನನ್ನ ಪಾತ್ರಗಳು ಒಂದು ದಿನವೂ ನನ್ನ ಜೊತೆ ಮಾತಾಡಿಲ್ಲ. ನಾನು ಕಥೆಗಾರ ಅಲ್ವಾ?
– ಓದುಗರು, ಸಾಗರ

ಉತ್ತರ: ಪಾತ್ರಗಳು ಕೈಮೀರುತ್ತವೆ ಅನ್ನುವ ಮಾತು ಕೇಳಿದರೆ ‘ಲೋಲಿತಾ’ ಬರೆದ ಕಾದಂಬರಿಕಾರ ನಬೊಕೊವ್‌ಗೆ ಸಿಟ್ಟೇ ಬರುತ್ತಿತ್ತು. ನನ್ನ ಪಾತ್ರಗಳು ಹಡಗಿನಲ್ಲಿ ಹುಟ್ಟು ಹಾಕುವ ಜೀತದಾಳುಗಳು ಅಂದುಬಿಟ್ಟಿದ್ದ ಆಸಾಮಿ. ನೀವು ಅವನ ಪಂಗಡ. ಧೈರ್ಯವಾಗಿ ಬರೆಯಿರಿ.