ಪುರಸಭೆಯ ಕರಡು ಉಪವಿಧಿ: ಆಕ್ಷೇಪಣೆ ಸಲ್ಲಿಸುವುದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದಲ್ಲಿ ನೆಲೆಸಿದ್ದೇನೆ. ನಮ್ಮೂರಿನ ಪುರಸಭೆಯು ಘನತ್ಯಾಜ್ಯ ಉಪವಿಧಿಯ ತಿದ್ದುಪಡಿ ಕರಡನ್ನು ಪ್ರಕಟಿಸಿದ್ದು, ಬೀಗ ಹಾಕಿದ ಮನೆಗಳೂ ಸೇರಿದಂತೆ ಎಲ್ಲ ಮನೆಗಳಿಗೆ ತಿಂಗಳ ಶುಲ್ಕ ವಿಧಿಸಲು ಹೊರಟಿದೆ. ತಂದೆಯವರ ಕಾಲದ ನಮ್ಮ ಮನೆ ವರ್ಷದ ಬಹುಪಾಲು ಖಾಲಿಯೇ ಇರುತ್ತದೆ. ಅಲ್ಲಿಯ ಮತದಾರನಲ್ಲದ ನಾನು ಆಕ್ಷೇಪಿಸಬಹುದೇ? ಉಪವಿಧಿಯ ಮೂಲಕ ಶುಲ್ಕ ಹೇರಲು ಅವರಿಗೆ ಅಧಿಕಾರವಿದೆಯೇ?

ಉತ್ತರ: ಧಾರಾಳವಾಗಿ ಆಕ್ಷೇಪಿಸಬಹುದು. ಪೂರ್ವ ಪ್ರಕಟಣೆಯ, ಅಂದರೆ ಕರಡನ್ನು ಜನರ ಮುಂದಿಟ್ಟ, ನಂತರವೇ ಉಪವಿಧಿ ಮಾಡಬೇಕೆಂಬ ನಿಯಮದ ಉದ್ದೇಶವೇ ಯಾರಿಂದ ಬಂದ ಆಕ್ಷೇಪಣೆಯನ್ನಾದರೂ ಪರಿಗಣಿಸುವುದಾಗಿದೆ. ಮತದಾರರ ಪಟ್ಟಿಯಲ್ಲಿ ಹೆಸರಿರಬೇಕೆಂಬ ಷರತ್ತು ಅದಕ್ಕಿಲ್ಲ. ನೀವಂತೂ ಅಲ್ಲಿಯ ಆಸ್ತಿಯ ಮಾಲೀಕರು.

ಎರಡನೆಯ ಪ್ರಶ್ನೆಗೆ ತುಸು ವಿವರ ಬೇಕು. ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಅಡಿಯಲ್ಲಿ ನಿಯಮಗಳನ್ನು ರಾಜ್ಯ ಸರ್ಕಾರ ಮಾಡುತ್ತದೆ, ಉಪವಿಧಿಗಳನ್ನು ಪುರಸಭೆ ಮಾಡುತ್ತದೆ. ಉಪವಿಧಿಗೆ ಸ್ವಂತ ಬಲವಿಲ್ಲ. ಮೂಲ ಕಾಯ್ದೆ ಕೊಟ್ಟಷ್ಟೇ ಅದರ ಅಧಿಕಾರ. ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲವೆಂದು ಸಂವಿಧಾನದ 265ನೇ ವಿಧಿ ಹೇಳುವುದರಿಂದ, ಕಾಯ್ದೆಯಲ್ಲಿಲ್ಲದ ಹೊಸ ತೆರಿಗೆಯನ್ನು ಉಪವಿಧಿಯ ಹೆಸರಿನಲ್ಲಿ ತರಲಾಗದು. ಆದರೆ ಕಸ ಸಂಗ್ರಹದ ಶುಲ್ಕದ ವಿಚಾರ ಬೇರೆ. ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು, ಒಂದು ವರ್ಷದೊಳಗೆ ಉಪವಿಧಿ ರೂಪಿಸಿ ಬಳಕೆದಾರರ ಶುಲ್ಕವನ್ನು ನಿಗದಿಪಡಿಸಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ಸೂಚಿಸಿದ್ದವು. ಹೀಗಾಗಿ ಶುಲ್ಕವೇ ಕೂಡದೆಂಬ ವಾದ ನಿಲ್ಲುವುದು ಕಷ್ಟ.

ನಿಮಗೆ ಹಿಡಿತ ಸಿಗುವುದು ಬೀಗ ಹಾಕಿದ ಮನೆಯ ವಿಚಾರದಲ್ಲಿ. ಉಡುಪಿಯ ಶಿರೂರು ಮಠಕ್ಕೆ ಸಂಬಂಧಿಸಿದ 1954ರ ಪ್ರಸಿದ್ಧ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೆರಿಗೆಗೂ ಶುಲ್ಕಕ್ಕೂ ಗೆರೆ ಎಳೆಯಿತು: ತೆರಿಗೆ ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯವಾಗಿ ವಸೂಲು ಮಾಡುವ ಹಣ, ಶುಲ್ಕ ನಿರ್ದಿಷ್ಟ ಸೇವೆಗೆ ಪ್ರತಿಯಾಗಿ ಪಡೆಯುವ ಹಣ. ಖಾಲಿ ಮನೆಯಿಂದ ಕಸವೇ ಬರದಿರುವಾಗ ಸೇವೆ ಎಲ್ಲಿದೆ ಎಂದು ನೀವು ಕೇಳಬಹುದು. ಗಾಡಿ ನಿತ್ಯ ನಿಮ್ಮ ಬೀದಿಗೆ ಬರುತ್ತದೆ, ಮನೆ ಮುಂದಿನ ಚರಂಡಿ ಸ್ವಚ್ಛವಾಗಿರುತ್ತದೆ ಎಂದು ಪುರಸಭೆ ಉತ್ತರಿಸಬಹುದು. ಸೇವೆಗೂ ಶುಲ್ಕಕ್ಕೂ ಪೈಸೆ ಪೈಸೆಯ ಲೆಕ್ಕ ಹೊಂದಬೇಕಿಲ್ಲ, ಸ್ಥೂಲವಾದ ಸಂಬಂಧವಿದ್ದರೆ ಸಾಕೆಂದು ನಂತರದ ತೀರ್ಪುಗಳು ಹೇಳಿರುವುದರಿಂದ ಅವರ ಮಾತೂ ತೀರ ಪೊಳ್ಳಲ್ಲ.

ಆದ್ದರಿಂದ ‘ಶುಲ್ಕ ರದ್ದುಪಡಿಸಿ’ ಎಂದು ಬರೆಯುವ ಬದಲು ಪರ್ಯಾಯ ವಾಕ್ಯವನ್ನೇ ಬರೆದುಕೊಡಿ. ಉದಾಹರಣೆಗೆ, ‘ಸತತ ಮೂರು ತಿಂಗಳ ವಿದ್ಯುತ್ ಬಿಲ್ಲಿನಲ್ಲಿ ಬಳಕೆ ಶೂನ್ಯವೆಂದು ಕಂಡುಬರುವ ಮನೆಯ ಮಾಲೀಕರು ಘೋಷಣಾ ಪತ್ರ ಸಲ್ಲಿಸಿದಲ್ಲಿ ಆ ಅವಧಿಗೆ ಅರ್ಧ ಶುಲ್ಕ ಮಾತ್ರ ವಿಧಿಸತಕ್ಕದ್ದು’ ಎಂಬ ಉಪಖಂಡವನ್ನು, ಅದು ಕರಡಿನ ಯಾವ ಖಂಡದ ನಂತರ ಸೇರಬೇಕೆಂಬ ಸಂಖ್ಯೆಯ ಸಮೇತ ಸೂಚಿಸಿದರೆ, ಕಡತ ನೋಡುವ ಗುಮಾಸ್ತರಿಂದ ಹಿಡಿದು ಮಂಜೂರಾತಿ ಕೊಡುವ ಹಂತದವರೆಗೆ ಎಲ್ಲರೂ ಅದಕ್ಕೆ ಹೌದು ಅಥವಾ ಇಲ್ಲ ಎನ್ನಲೇಬೇಕಾಗುತ್ತದೆ. ಬರಿಯ ಆಕ್ರೋಶದ ಅರ್ಜಿಗೆ ‘ಪರಿಶೀಲಿಸಲಾಗಿದೆ’ ಎಂಬ ಒಂದೇ ಪದದ ಷರಾ ಸಾಕಾಗುತ್ತದೆ.

ನೀವು ಕೇಳದ ಒಂದು ಮಾತನ್ನೂ ಹೇಳಬೇಕು. ಇಂಥ ಕರಡುಗಳಲ್ಲಿ ಎಲ್ಲರ ಕಣ್ಣು ಶುಲ್ಕದ ಕೋಷ್ಟಕದ ಮೇಲೆ ಬೀಳುತ್ತದೆ. ನನಗೆ ಹೆಚ್ಚು ಆತಂಕ ತರುವುದು ‘ಮುಖ್ಯಾಧಿಕಾರಿಯವರು ಸೂಕ್ತವೆಂದು ಕಂಡಂತೆ’, ‘ಕಾಲಕಾಲಕ್ಕೆ ಪರಿಷ್ಕರಿಸಬಹುದು’ ಎಂಬ ನುಡಿಗಟ್ಟುಗಳು. ಮೊದಲನೆಯದು ದಂಡದ ಮೊತ್ತವನ್ನು ಒಬ್ಬ ಅಧಿಕಾರಿಯ ವಿವೇಚನೆಗೆ ಒಪ್ಪಿಸುತ್ತದೆ, ಎರಡನೆಯದು ಮತ್ತೊಮ್ಮೆ ನಿಮ್ಮನ್ನು ಕೇಳದೆಯೇ ಶುಲ್ಕ ಏರಿಸಲು ದಾರಿ ಮಾಡಿಕೊಡುತ್ತದೆ. ಪ್ರತಿ ಪರಿಷ್ಕರಣೆಗೂ ಕರಡು ಪ್ರಕಟಣೆ ಕಡ್ಡಾಯವಾಗಬೇಕೆಂದು ಈಗಲೇ ಬರೆಯಿರಿ.

ಪ್ರಶ್ನೆ: ನಮ್ಮ ಪಟ್ಟಣದ ಬಸ್ ನಿಲ್ದಾಣದ ಬಳಿ ಹೂವು, ತರಕಾರಿ ಮಾರುವವರನ್ನು ತೆರವುಗೊಳಿಸಿ ಸರಕು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವನ್ನು ಹೊಸ ಉಪವಿಧಿಯ ಕರಡು ಪುರಸಭೆಗೆ ನೀಡುತ್ತಿದೆ. ಇದು ಸರಿಯೇ?

ಉತ್ತರ: ಮುಖ್ಯ ರಸ್ತೆಯಲ್ಲಿ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರ ಪುರಸಭೆಗಿದೆ, ಆದರೆ ಅದು ಬೀದಿ ಬದಿ ವ್ಯಾಪಾರಿಗಳ 2014ರ ಕೇಂದ್ರ ಕಾಯ್ದೆಯ ಮಿತಿಯೊಳಗೆ ಇರಬೇಕು. ವ್ಯಾಪಾರಿಗಳ ಸಮೀಕ್ಷೆ ಮುಗಿದು ಅವರಿಗೆ ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆ ಬಳಿಕವೂ ತೆರವಿಗೆ ಅಥವಾ ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಕೊಡಬೇಕು. ವಶಪಡಿಸಿಕೊಂಡ ಸರಕಿಗೆ ಪಟ್ಟಿ ಬರೆದುಕೊಡಬೇಕು, ನಿಗದಿತ ಶುಲ್ಕ ಕಟ್ಟಿದ ಮೇಲೆ ಹೂವು, ತರಕಾರಿಯಂತಹ ಬೇಗ ಕೆಡುವ ಸರಕನ್ನು ವ್ಯಾಪಾರಿ ಕೇಳಿದ ದಿನವೇ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಮರಳಿಸಬೇಕು. ಸಂಜೆಯವರೆಗೆ ಕಚೇರಿಯ ಹಿಂದೆ ಬಿಸಿಲಿನಲ್ಲಿ ಬಿದ್ದ ಸೇವಂತಿಗೆ ಬುಟ್ಟಿಯನ್ನು ಮರುದಿನ ಹಿಂತಿರುಗಿಸಿ ಯಾರಿಗೆ ಏನು ಪ್ರಯೋಜನ?

ಇದೇ ಕಾಯ್ದೆಯಡಿ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಶೇಕಡ ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಈ ಕರಡು ಆ ಸಮಿತಿಯ ಮುಂದೆ ಬಂದಿತ್ತೇ ಎಂಬುದನ್ನು ನಿಮ್ಮ ಆಕ್ಷೇಪಣೆಯ ಮೊದಲ ಸಾಲಿನಲ್ಲೇ ಕೇಳಿರಿ.

ಪ್ರಶ್ನೆ: ವಾರ್ಡ್ ಸದಸ್ಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಮ್ಮ ವಿರೋಧವನ್ನು ದಾಖಲಿಸಿದ್ದೇವೆ. ಅದು ಸಾಕಲ್ಲವೇ?

ಉತ್ತರ: ಸಾಲದು. ಪ್ರಕಟಣೆಯಲ್ಲಿ ತಿಳಿಸಿದ ದಿನಾಂಕದೊಳಗೆ ಲಿಖಿತವಾಗಿ ಸಲ್ಲಿಸಿ, ಟಪಾಲು ವಿಭಾಗದಿಂದ ಮೊಹರು ಮತ್ತು ದಿನಾಂಕವಿರುವ ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ಬೆಂಗಳೂರಿನಲ್ಲಿ ವಾರ್ಡ್ ಸಮಿತಿಗಳ ಮಾತು ಸದಾ ಕೇಳಿಬರುತ್ತದೆ. ನಮ್ಮ ಪಟ್ಟಣದಲ್ಲಿ ಅಂಥದ್ದು ಏಕಿಲ್ಲ? ಈಗ ಚುನಾಯಿತ ಸದಸ್ಯರ ಅವಧಿಯೂ ಮುಗಿದು ಆಡಳಿತಾಧಿಕಾರಿಯೇ ಕರಡು ಹೊರಡಿಸಿದ್ದಾರೆ.

ಉತ್ತರ: ಸಂವಿಧಾನದ 243ಎಸ್ ವಿಧಿಯು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಮಾತ್ರ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸುತ್ತದೆ. ಅಧ್ಯಕ್ಷರ ಮನೆ ಬಾಗಿಲು ಎಲ್ಲರಿಗೂ ಗೊತ್ತಿರುವ ಸಣ್ಣ ಊರಿಗೆ ಸಮಿತಿ ಬೇಡವೆಂದು ಆಗ ಭಾವಿಸಿದ್ದಿರಬಹುದು. ಆ ಬಾಗಿಲಿನ ಹಿಂದೆ ಅಧ್ಯಕ್ಷರೇ ಇಲ್ಲದ ನಿಮ್ಮಂಥ ಊರುಗಳಿಗೆ ಈ ಲೆಕ್ಕಾಚಾರ ಅನ್ವಯಿಸದು. ಆಡಳಿತಾಧಿಕಾರಿ ಪುರಸಭೆಯ ಅಧಿಕಾರವನ್ನು ಚಲಾಯಿಸುತ್ತಾರಾದರೂ ಪೂರ್ವ ಪ್ರಕಟಣೆಯ ಷರತ್ತಿನಿಂದ ಅವರಿಗೆ ವಿನಾಯಿತಿ ಇಲ್ಲ.

ಜನರ ಮೇಲೆ ಪರಿಣಾಮ ಬೀರುವ ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನು ಪುರಸಭೆಯಂಥ ಸಾರ್ವಜನಿಕ ಸಂಸ್ಥೆ ತಾನಾಗಿಯೇ ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆ, 2005ರ 4(1)(ಸಿ) ಹೇಳುತ್ತದೆ. ಪ್ರಕಟಿಸದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ ಕರಡಿನ ಕಡತ ಮತ್ತು ಟಿಪ್ಪಣಿ ಹಾಳೆಗಳ ನಕಲು ಕೇಳಿರಿ. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿರುವುದರಿಂದ, ಆಕ್ಷೇಪಣೆಯ ಗಡುವು ಹತ್ತಿರವಿದ್ದರೆ ಅದಕ್ಕಾಗಿ ಕಾಯದೆ ಮೊದಲು ಆಕ್ಷೇಪಣೆ ಸಲ್ಲಿಸಿ, ನಕಲು ಕೈಸೇರಿದ ಮೇಲೆ ಹೆಚ್ಚುವರಿ ಹೇಳಿಕೆ ಕೊಡುವುದಾಗಿ ಅದರಲ್ಲೇ ನಮೂದಿಸಿರಿ.